ಹಿಂದಿನ ಕೋಣೆಯ ಗಾಳಿ

ಮಹಾಮಾಯಾ ಗಲ್ಲಿಯ ತಿರುವು ದಾಟುವ ಹೊತ್ತಿಗೆ ಟಂಟಂ ಗಾಡಿಗೆ ಟ್ರಂಕು ಏರಿಸುತ್ತಿದ್ದರು. ಒಂದು ಬದಿ ಅಖೀಲ ಹಿಡಿದಿದ್ದ, ಇನ್ನೊಂದು ಬದಿ ಗಾಡಿಯವನು. ಹೊಲಿಗೆ ಯಂತ್ರ ಆಗಲೇ ಮೇಲೇರಿ ಹಗ್ಗ ಸುತ್ತಿಸಿಕೊಂಡು ಕೂತಿತ್ತು. ಬಾಗಿಲಲ್ಲಿ ಅಖೀಲನ ತಾಯಿ ಹಮೀದುನ್ನಿಸಾ ಚೌಕಟ್ಟು ಹಿಡಿದು ನಿಂತಿದ್ದರು. ಅವನ ಅತ್ತಿಗೆ ತಹಮೀನಾ ಎಲ್ಲಿಯೂ ಕಾಣಲಿಲ್ಲ.

"ಬರ್ರಿ ಮೇಡಂ, ಛಲೋ ಟೈಮಿಗಿ ಬಂದ್ರಿ," ಎಂದ ಅಖೀಲ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಭಾಭಿಗಿ ಔರಾದಕ್ಕ ಕಳಸಲತ್ತೀವಿ, ಅವರ ಅಣ್ಣನ ಮನಿಗಿ. ನೀವೇ ಹೇಳಿದ್ರಲ್ರಿ, ಆ ಕೋಣ್ಯಾಗ ಜಹರ್ ಅದ ಅಂತ."

"ವಿಷ ಅಂತ ನಾ ಎಲ್ಲಿ ಅಂದೆನ್ರಿ? ಗಾಳಿಯೊಳಗ ರೇಡಾನ್ ಜಾಸ್ತಿ ಬಂದದ, ಕಿಟಕಿ ತಗದಿಡ್ರಿ ಅಂದಿದ್ದೆ."

"ಅದೇ ಆತಲ್ರಿ. ಅಷ್ಟು ದೊಡ್ಡ ಮಾತು ನಮಗ ಎಲ್ಲಿ ತಿಳೀತದ?"

ತಿಳಿಯಬೇಕಾದಷ್ಟು ಅವನಿಗೆ ತಿಳಿದೇ ಇತ್ತು. ಹೋದ ವಾರ ಫೋನಿನಲ್ಲಿ ಮಹಾಮಾಯಾ ಹೇಳಿದ ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನು ಇಟ್ಟುಕೊಂಡು, ಬೇಡವಾದ ಅರ್ಧವನ್ನು ಕೇಳದವನಂತೆ ಬಿಟ್ಟಿದ್ದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಯಾರು ಅಂದರೆ ಮಹಾಮಾಯಾನೇ.

ಬೆಳಿಗ್ಗೆ ಭಾಲ್ಕಿಯ ಮನೆಯಲ್ಲಿ ಅವಳು ಡಬ್ಬಿಗೆ ರೊಟ್ಟಿ ಕಟ್ಟಿಕೊಳ್ಳುವಾಗ ತಹಮೀನಾಳ ಫೋನು ಬಂದಿತ್ತು. "ಅಕ್ಕಾ, ನೀವು ಅಂದದ್ದು ಖರೆ ಏನ್ರಿ? ನಾ ಈ ಮನಿ ಬಿಡಬೇಕೇನ್ರಿ?" ಅಷ್ಟೇ. ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದಕ್ಕೇ ಮಹಾಮಾಯಾ ಬೀದರದಲ್ಲಿ ಬಸ್ಸು ಇಳಿದವಳೇ ಕಾಲೇಜಿಗೆ ಹೋಗದೆ ನೇರವಾಗಿ ಈ ಗಲ್ಲಿಗೆ ಬಂದಿದ್ದಳು.

ಮಹಾಮಾಯಾ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗೆ ಮಾತ್ರ. ಕರೆದಾಗ ಬರಬೇಕು, ಬೇಡವೆಂದಾಗ ಎದ್ದು ಹೋಗಬೇಕು. ಪಿಎಚ್‌ಡಿ ಆದರೆ ಕಾಯಂ ಕೆಲಸ ಸಿಕ್ಕೀತು ಎಂಬ ಆಸೆಯಿಂದ, ಬೀದರ ಸೀಮೆಯ ಮನೆಗಳೊಳಗಿನ ರೇಡಾನ್ ಅಳೆಯುವ ಕೆಲಸ ಹಿಡಿದಿದ್ದಳು. ಹಿಡಿದಾಗ ತಲೆ ತುಂಬ ಕಪ್ಪು ಕೂದಲಿತ್ತು. ಕಲ್ಲು ಮಣ್ಣುಗಳಲ್ಲಿ ಎಲ್ಲೆಲ್ಲೂ ಚೂರುಪಾರು ಯುರೇನಿಯಂ ಇರುತ್ತದೆ. ಅದು ಸವೆಯುತ್ತ ಸವೆಯುತ್ತ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಮನೆಯೊಳಗೆ ಬರುತ್ತದೆ, ಕಿಟಕಿ ತೆರೆದಿದ್ದರೆ ಹೊರಟುಹೋಗುತ್ತದೆ, ಮುಚ್ಚಿದ್ದರೆ ಅಲ್ಲೇ ಠಿಕಾಣಿ ಹೂಡುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಪುಪ್ಪುಸಕ್ಕೆ ಒಳ್ಳೆಯದಲ್ಲ.

ಅಳೆಯುವ ಕೆಲಸ ನೋಡಲು ಸುಲಭ. ಬೊಗಸೆಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ತುಂಡು ಫಿಲ್ಮು. ಜಂತಿಗೆ ದಾರ ಕಟ್ಟಿ ತೂಗುಹಾಕಿದರೆ ಮೂರು ತಿಂಗಳು ಯಾರೂ ಮುಟ್ಟಬಾರದು. ಮನೆಯವರು ದಿನಾ ಹೇಗಿರುತ್ತಾರೋ ಹಾಗೇ ಇರಬೇಕು. ಆಮೇಲೆ ಫಿಲ್ಮನ್ನು ಕ್ಷಾರದಲ್ಲಿ ತೊಳೆದರೆ ಅನಿಲದ ಕಿರಣ ಹೊಡೆದ ತೂತುಗಳು ಕಾಣುತ್ತವೆ. ಅವನ್ನು ಎಣಿಸಿ ಎಣಿಸಿಯೇ ಮಹಾಮಾಯಾಳ ಕಣ್ಣಿನ ಸುತ್ತ ಕಪ್ಪು ಕೂತಿತ್ತು. ಖಟಕ ಚಿಂಚೋಳಿಯಲ್ಲಿ ಒಬ್ಬರು ಡಬ್ಬಿಯನ್ನು ಇಲಿ ಕಡಿದೀತೆಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಮನ್ನಳ್ಳಿಯಲ್ಲಿ ಸುಣ್ಣ ಹೊಡೆಯುವಾಗ ಡಬ್ಬಿಗೂ ಸುಣ್ಣ ಹೊಡೆದಿದ್ದರು. ಎಲ್ಲ ಮತ್ತೆ ಮೊದಲಿಂದ.

ಈ ಮನೆಗೆ ಡಬ್ಬಿ ಕಟ್ಟಲು ಬಂದಾಗ ತಹಮೀನಾಳ ಗಂಡ ಅಮೀರ ಪಾಶಾ ಬದುಕಿದ್ದ. ಊರಾಚೆಯ ಕೊಳಾರದ ಕಾರ್ಖಾನೆಯಲ್ಲಿ ಫಿಟ್ಟರು. ತಾನೇ ಸ್ಟೂಲು ಹತ್ತಿ ಮೊಳೆ ಹೊಡೆದುಕೊಟ್ಟಿದ್ದ. "ಇದು ನಮಗ ನೋಡ್ತದೇನು ಬೇಟೀ?" ಎಂದು ಹಮೀದುನ್ನಿಸಾ ಕೇಳಿದಾಗ, "ಇಲ್ಲಮ್ಮಾ, ಗಾಳಿ ನೋಡ್ತದ," ಎಂದಿದ್ದಳು ಮಹಾಮಾಯಾ. ಎಲ್ಲರೂ ನಕ್ಕಿದ್ದರು. ಅದಾಗಿ ಕೆಲವೇ ದಿನಕ್ಕೆ ಅಮೀರ ಪಾಶಾ ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಸಿದ. ಡಬ್ಬಿ ಇಳಿಸಲು ಬಂದ ದಿನ ತಹಮೀನಾ ಡಬ್ಬಿ ಕಟ್ಟಿದ್ದ ಹಿಂದಿನ ಕೋಣೆಯಲ್ಲೇ ಇದ್ದತ್‌ಗೆ ಕೂತಿದ್ದಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಪದ್ಧತಿ ಅದು. ಕೋಣೆಯಲ್ಲಿ ಹಗಲಿನಲ್ಲೂ ಬಲ್ಬು ಉರಿಯುತ್ತಿತ್ತು. ಮಹಾಮಾಯಾ ಕೈ ಹಿಡಿದು ಎರಡು ಮಾತಾಡಿ, ಡಬ್ಬಿ ಚೀಲಕ್ಕೆ ಹಾಕಿಕೊಂಡು, ಬಸ್ಸು ತಪ್ಪೀತೆಂದು ಹೊರಟಿದ್ದಳು. ಹಗಲಿನಲ್ಲಿ ಬಲ್ಬು ಯಾಕೆ ಎಂಬುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ದಣಿದವರ ತಲೆ ಹಾಗೇ.

ಆ ಫಿಲ್ಮಿನಲ್ಲಿ ತೂತುಗಳು ಸಿಡುಬಿನಂತೆ ಎದ್ದಿದ್ದವು. ಇಡೀ ಅಧ್ಯಯನದಲ್ಲಿ ಇಷ್ಟು ಬಂದ ಕೋಣೆ ಇನ್ನೊಂದಿರಲಿಲ್ಲ. ಮಾರ್ಗದರ್ಶಕ ಸುಶೀಲಕುಮಾರ ಸರ್ ಕುರ್ಚಿಯಿಂದ ಎದ್ದೇ ನಿಂತಿದ್ದರು. ಉಳಿದ ಮನೆಗಳೆಲ್ಲ ಸಪ್ಪೆ. ಈ ಒಂದು ಕೋಣೆಯ ಬಲದಿಂದ ಲೇಖನ ಪತ್ರಿಕೆಗೆ ಹೋಯಿತು, ಒಪ್ಪಿಗೆಯೂ ಬಂತು. ಲೇಖನಕ್ಕೆ ಒಪ್ಪಿಗೆ ಸಿಗದೆ ಪಿಎಚ್‌ಡಿ ಪ್ರಬಂಧ ಸಲ್ಲಿಸುವಂತಿಲ್ಲ. ಸಲ್ಲಿಸಲು ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವು ಇದೇ ತಿಂಗಳು ಮುಗಿಯುತ್ತಿತ್ತು.

"ಒಳಗ ಹೋಗಿ ನೋಡ್ಲೇನ್ರಿ?" ಎಂದು ಮಹಾಮಾಯಾ ಕೇಳಿದಳು. ಉತ್ತರಕ್ಕೆ ಕಾಯದೆ ಚಪ್ಪಲಿ ಬಿಟ್ಟು ಒಳಗೆ ನಡೆದಳು.

ಕೋಣೆ ಬರಿದಾಗಿತ್ತು. ಗೋಡೆಯ ಗೂಡುಗಳೂ ಖಾಲಿ. ತಹಮೀನಾ ಬರಿಯ ಮಂಚದ ಮೇಲೆ ಬುರ್ಖಾ ಹಾಕಿಕೊಂಡು ಹೊರಟವಳಂತೆ ಕೂತಿದ್ದಳು. ಬಲ್ಬು ಈಗಲೂ ಉರಿಯುತ್ತಿತ್ತು. ಮಹಾಮಾಯಾ ಕಿಟಕಿ ಇರಬೇಕಾದ ಕಡೆ ನೋಡಿದಳು. ಅಲ್ಲಿ ಅಡ್ಡಡ್ಡ ಹಲಗೆಗಳು, ಹಲಗೆಗಳಿಗೆ ಮೊಳೆ, ಸಂದುಗಳಲ್ಲಿ ತುರುಕಿದ ಹಳೆಯ ಸೀರೆ.

"ಇದು ಯಾವಾಗ ಬಡದ್ರಿ?"

"ಮಯ್ಯತ್ ಮಣ್ಣಾದ ಮರುದಿನ," ಎಂದರು ಹಿಂದೆಯೇ ಬಂದ ಹಮೀದುನ್ನಿಸಾ. "ಹಿಂದ ಚಹಾದ ಅಂಗಡಿ ಅದ ಬೇಟೀ. ಗಂಡಸರು ಕೂಡ್ತಾರ. ಇದ್ದತ್‌ಗಿ ಕುಂತ ಹೆಣ್ಣಿನ ಮ್ಯಾಲ ಕಣ್ಣು ಬೀಳಬಾರದಂತ ನಾನೇ ಬಡಸಿದೆ. ಇದ್ದತ್ ಮುಗದ ಮ್ಯಾಲ ತಗೀಬೇಕಂತ ಯಾರಿಗೂ ನೆನಪಾಗಿಲ್ಲ."

ಮಹಾಮಾಯಾ ಮಂಚದ ತುದಿಗೆ ಕೂತಳು. ಡಬ್ಬಿ ಅಳೆದದ್ದು ಬೀದರದ ಕಲ್ಲನ್ನಲ್ಲ, ಒಬ್ಬ ಮುದುಕಿಯ ಮರ್ಯಾದೆಯನ್ನು. ಪತ್ರಿಕೆಯವರು ಒಪ್ಪಿದ್ದು, ಸರ್ ಕುರ್ಚಿಯಿಂದ ಎದ್ದದ್ದು, ಎಲ್ಲ ಈ ಹಲಗೆಗಳಿಗೆ. ನಗು ಬರಬೇಕಿತ್ತು. ಬರಲಿಲ್ಲ.

"ನೀವು ಹೋಗಬೇಕಂತೀರೇನು?" ಎಂದು ತಹಮೀನಾಳನ್ನು ಮೆಲ್ಲಗೆ ಕೇಳಿದಳು.

"ಹೋಗಬೇಕಂತ ಯಾಕಂತೀನಿ ಅಕ್ಕಾ?" ತಹಮೀನಾ ಬರಿಯ ಗೂಡುಗಳ ಕಡೆ ನೋಡಿದಳು. "ಅಣ್ಣನ ಮನ್ಯಾಗ ನಾ ಮೆಹಮಾನ್. ಎರಡು ದಿನ ಬಿರ್ಯಾನಿ, ಮೂರನೇ ದಿನ ಮಾರಿ ಸೊಟ್ಟ. ಇಲ್ಲಿ ಓಣಿ ಹೆಂಗಸರೆಲ್ಲ ಅರಿವಿ ಹೊಲ್ಯಾಕ ನನ್ನ ಹತ್ರ ಬರ್ತಾರ. ಒಮ್ಮಿ ಈ ಹೊಸ್ತಿಲ ದಾಟಿದ್ರ ಮುಗೀತು. ತಿರುಗಿ ಬಾ ಅಂತ ಯಾರಂತಾರ? ಆದ್ರ ಜಹರ್ ಇದ್ರ ಏನು ಮಾಡ್ಲಿ? ಓದಿದವರು ನೀವು ಹೇಳೀರಿ."

ಆ ಕೊನೆಯ ಮಾತು ಮಹಾಮಾಯಾಳ ಎದೆಗೆ ನೇರ ಬಡಿಯಿತು. ಅವಳು ಎದ್ದು ಅಂಗಳಕ್ಕೆ ಬಂದು ಸುಶೀಲಕುಮಾರ ಸರ್‌ಗೆ ಫೋನು ಹಚ್ಚಿದಳು. ಕಿಟಕಿಯ ವಿಷಯ, ತಹಮೀನಾಳನ್ನು ಮನೆಯಿಂದ ಕಳಿಸುತ್ತಿರುವ ವಿಷಯ ಹೇಳಿದಳು.

"ನೋಡವಾ ಮಹಾಮಾಯಾ," ಎಂದರು ಅವರು. ಅವರ ದನಿಯೂ ದಣಿದಿತ್ತು. "ಕೋಣಿ ಸುಳ್ಳಲ್ಲ, ಡಬ್ಬಿ ಸುಳ್ಳಲ್ಲ. ಕಿಟಕಿ ಮುಚ್ಚಿತ್ತು ಅನ್ನೋದು ನಿನಗ ಗೊತ್ತು, ನನಗ ಗೊತ್ತು. ಸಲ್ಲಿಸಿಬಿಡು. ಆಮ್ಯಾಲ ಬೇಕಾದ್ರ ತಿರುಗಿ ಅಳತಿ ಮಾಡು."

"ಆಮ್ಯಾಲ ಅಂದ್ರ ಈಕಿ ಇಲ್ಲಿ ಇರಂಗಿಲ್ಲ ಸರ್. ಆ ಅಂಕಿ ಅಚ್ಚಾಗಿ ಬಂದ್ರ ಈಕಿಗಿ ಹೊರಗ ಹಾಕಾಕ ಇವರಿಗಿ ಇನ್ನೂ ಛಲೋ ಆತು."

"ಅದು ಅವರ ಮನಿ ಜಗಳ. ಈ ವಯಸ್ಸಿಗಿ ಹೊಸದಾಗಿ ನೋಂದಣಿ ಮಾಡಿಸ್ತೀಯೇನು? ಕೈಗಿ ಬಂದ ತುತ್ತು ಚೆಲ್ಲಬ್ಯಾಡ."

ಅವರು ಕೆಟ್ಟವರಲ್ಲ. ಅವಳ ಹೊಟ್ಟೆಯ ಚಿಂತೆ ಅವರಿಗೂ ಇತ್ತು. ಅವಳಿಗಂತೂ ಆ ತುತ್ತಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕಾಯಂ ಪಗಾರ, ಬೀದರದಲ್ಲೇ ಒಂದು ಮನೆ, ದಿನಾ ಭಾಲ್ಕಿಯ ಬಸ್ಸಿಗೆ ಜೋತು ಬೀಳದ ಬದುಕು. "ಆಮ್ಯಾಲ ಮಾತಾಡ್ತೀನ್ರಿ ಸರ್," ಎಂದು ಫೋನು ಇಟ್ಟಳು.

ಹೊರಗೆ ಅಖೀಲ ಹಾಸಿಗೆಯ ಸುರುಳಿ ಹೊತ್ತು ಬಂದಿದ್ದ.

"ಅಖೀಲ ಭಾಯಿ, ಭಾಭಿ ಹೋದ ಮ್ಯಾಲ ಆ ಕೋಣಿ ಏನು ಮಾಡ್ತೀರಿ? ಕೀಲಿ ಹಾಕ್ತೀರೇನು?"

"ಕೀಲಿ ಯಾಕ್ರಿ? ಮಗನ ಲಗ್ನ ಠರಾಯಿಸೀವಿ. ಸೊಸಿ ಬರ್ತಾಳ, ಕೋಣಿ ಬೇಕಲ್ರಿ."

"ಸೊಸಿಗಿ ಜಹರ್ ತಟ್ಟಂಗಿಲ್ಲೇನ್ರಿ?"

ಅಖೀಲ ಯೋಚನೆಯೇ ಮಾಡಲಿಲ್ಲ. "ಅವರು ಕಿಟಕಿ ತಕ್ಕೋತಾರ್ರಿ. ಗಂಡ ಇದ್ದಾಕಿ, ಕಿಟಕಿ ತಗದ್ರ ಯಾರೇನಂತಾರ?"

ಮಾತು ಬಾಯಿಂದ ಬಿದ್ದ ಮೇಲೆ ಅದು ಅವನಿಗೇ ಕೇಳಿಸಿತು. ಗಾಡಿಯವನು ಹಗ್ಗ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. ಹಮೀದುನ್ನಿಸಾ ಮಗನ ಮುಖ ನೋಡಿದರು, ಆಮೇಲೆ ಒಳಗೆ ಹಗಲಲ್ಲೇ ಉರಿಯುತ್ತಿದ್ದ ಬಲ್ಬು ನೋಡಿದರು. ಹಿರಿಮಗನ ಸಾವಿನ ಮರುದಿನ ಮೊಳೆ ಹೊಡೆಸಿದ್ದು ತಾವೇ ಎಂಬುದು ಅವರಿಗೆ ಈಗ ಬೇರೆಯಾಗಿ ಕಂಡಿರಬೇಕು.

ಮಹಾಮಾಯಾಗೆ ಸಿಟ್ಟು ಬಂತು, ಆದರೆ ಸಿಟ್ಟಿಗೆ ಬೇಕಾದ ಶಕ್ತಿ ಇರಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳಿದಳು:

"ನನ್ನ ಅಳತಿ ತಪ್ಪಾಗ್ಯಾದ. ಕಿಟಕಿಗಿ ಹಲಗಿ ಬಡದ ಕೋಣ್ಯಾಗ ಅಳದೀನಿ, ಅದು ಲೆಕ್ಕಕ್ಕಿಲ್ಲ. ಪತ್ರಿಕೆಯವರಿಗಿ ಇವತ್ತೇ ಬರದು ಲೇಖನ ವಾಪಸ್ ತಗೋತೀನಿ. ತಿರುಗಿ ಮೂರು ತಿಂಗಳು ಡಬ್ಬಿ ಕಟ್ಟಬೇಕು."

"ಕಟ್ರಿ, ಬ್ಯಾಡ ಅಂದೋರು ಯಾರು? ಭಾಭಿ ಹೋದ ಮ್ಯಾಲ ಆರಾಮ ಕಟ್ರಿ."

"ಹಂಗ ಬರಂಗಿಲ್ರಿ. ದಿನಾ ಆ ಕೋಣ್ಯಾಗ ಯಾರು ಇರ್ತಾರ, ಅವರೇ ಇರಬೇಕು. ಅವರೇ ಮಲಗಬೇಕು, ಅವರೇ ಹೊಲೀಬೇಕು, ಅವರೇ ಕಿಟಕಿ ತಗೀಬೇಕು, ಮುಚ್ಚಬೇಕು. ಕಾಯದೇನೇ ಹಂಗದ. ನಡುವ ಮಂದಿ ಬದಲಾದ್ರ ಎಲ್ಲಾ ನೀರಾಗ ಹೋಮ."

ಅದು ಪೂರ್ತಿ ಸುಳ್ಳೇನಲ್ಲ, ನಿಯಮ ಇದ್ದದ್ದೇ. ಅದಕ್ಕೆ ಕಾಯದೆಯ ಹೆಸರು ಕೊಟ್ಟದ್ದು ಮಾತ್ರ ಅವಳದೇ ಸೇರ್ಪಡೆ. ಅಖೀಲ ಏನೋ ಹೇಳಲು ಬಾಯಿ ತೆಗೆದ. ಅಷ್ಟರಲ್ಲಿ ಹಮೀದುನ್ನಿಸಾ ಹೊಸ್ತಿಲು ಇಳಿದು ಬಂದು ಗಾಡಿಯ ಹಗ್ಗದ ಗಂಟಿಗೆ ಕೈ ಹಾಕಿದರು. ಮುದಿ ಬೆರಳಿಗೆ ಗಂಟು ಬಿಚ್ಚಲಾಗಲಿಲ್ಲ. "ಮಶೀನ್ ಇಳಸು," ಎಂದರು, ಮಗನ ಕಡೆ ನೋಡದೆ. "ಸೊಸಿ ಬರಾಕ ಇನ್ನ ಟೈಮದ. ಮದಲ ಬಂದ ಸೊಸಿ ಇಲ್ಲೇ ಅದಾಳ."

ಹಲಗೆಗಳನ್ನು ಕೀಳಲು ಗಾಡಿಯವನೇ ಬಂದ. ಮೊಳೆಗಳು ತುಕ್ಕು ಹಿಡಿದು ಕಿರುಗುಟ್ಟಿದವು. ಕೊನೆಯ ಹಲಗೆ ಬಿದ್ದಾಗ ಚಹಾದಂಗಡಿಯ ಸ್ಟೋವಿನ ಸದ್ದು, ಯಾರದೋ ಕೆಮ್ಮು, ಬಿಸಿಲು, ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ತಹಮೀನಾ ಕಣ್ಣು ಕಿರಿದು ಮಾಡಿ ತುಸು ಹೊತ್ತು ಅಲ್ಲೇ ನಿಂತಳು. ಆಮೇಲೆ ಬುರ್ಖಾ ಬಿಚ್ಚಿ ಮಡಚಿಟ್ಟಳು.

ಮಹಾಮಾಯಾಳ ಚೀಲದಲ್ಲಿ ಹೊಸ ಡಬ್ಬಿಯೊಂದು ಇದ್ದೇ ಇರುತ್ತಿತ್ತು. ಸ್ಟೂಲು ಹತ್ತಿ ದಾರ ಕಟ್ಟಿದಳು. ಇಳಿಯುವಾಗ ಮೊಣಕಾಲುಗಳು ಕಟಕಟ ಎಂದವು. ಕೆಳಗೆ ಬಂದು ಮಂಚದ ಮೇಲೆ ಕೂತವಳಿಗೆ ಎದ್ದು ಹೋಗುವ ಮನಸ್ಸೇ ಆಗಲಿಲ್ಲ. ಫೋನು ಎರಡು ಸಲ ಗುಂಯ್‌ಗುಟ್ಟಿತು, ಸುಶೀಲಕುಮಾರ ಸರ್ ಇರಬೇಕು. ಎಷ್ಟೋ ವರ್ಷಗಳ ತಿರುಗಾಟ ಒಂದು ಬೆಳಗಿನಲ್ಲಿ ಮುಗಿದುಹೋಯಿತು ಎಂದು ಅವಳಿಗೆ ಅನ್ನಿಸಿತು. ದುಃಖವಾಯಿತು, ಬಹಳ ದುಃಖವಾಯಿತು. ಆದರೂ ಮಾಡಿದ್ದು ತಪ್ಪು ಅನ್ನಿಸಲಿಲ್ಲ.

ತಹಮೀನಾ ತಂಬಿಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. "ಮೂರು ತಿಂಗಳು ಅಂದ್ರಲ್ಲ ಅಕ್ಕಾ. ಆಮ್ಯಾಲ?"

"ಆಮ್ಯಾಲ ನಾ ಬಂದು ಇಳಸಬೇಕು. ನಾ ಬರೋತನಕ ಯಾರೂ ಮುಟ್ಟಂಗಿಲ್ಲ. ನೀವು ಇಲ್ಲಿಂದ ಕದಲಂಗಿಲ್ಲ."

"ನೀವು ಯಾವಾಗ ಬರ್ತೀರಿ?"

ಮಹಾಮಾಯಾ ನೀರು ಕುಡಿದು ತಂಬಿಗೆ ಕೆಳಗಿಟ್ಟಳು. "ನನಗ ಭಾಳ ದಣಿವಾಗ್ಯಾದ ತಹಮೀನಾ," ಎಂದಳು. "ಲಗೂನ ಬರಂಗಿಲ್ಲ. ಎಷ್ಟು ವರ್ಷ ಹಿಡೀತದೋ."

ತಹಮೀನಾ ಅವಳ ಮುಖವನ್ನೇ ನೋಡಿದಳು. ಎದ್ದು ಹೋಗಿ, ಗಾಡಿಯಿಂದ ಇಳಿಸಿ ತಂದಿಟ್ಟಿದ್ದ ಟ್ರಂಕಿನ ಬೀಗ ತೆಗೆದಳು, ಮಡಚಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಗೋಡೆಯ ಗೂಡಿನಲ್ಲಿ ಜೋಡಿಸತೊಡಗಿದಳು.