ಹೆಸರು ನೋಡಬೇಡಿ, ಗುರುತು ನೋಡಿ

ಪಕ್ಷ ಕೊಟ್ಟ ಬಿ ಫಾರಂಗೆ ಗುಂಡ್ಲುಪೇಟೆಯಲ್ಲಿ ಕುಂಕುಮ ಹಚ್ಚಿದರು, ಹೂವಿಟ್ಟರು, ದೇವರ ಪಾದಕ್ಕೆ ಮುಟ್ಟಿಸಿ ಫೋಟೊ ತೆಗೆದರು. ಓದಿದವರು ಮಾತ್ರ ಯಾರೂ ಇಲ್ಲ. ಮೊದಲು ಓದಿದ್ದು ಪುರಸಭೆಯ ಚುನಾವಣಾಧಿಕಾರಿ. ಆಗ ಮಧ್ಯಾಹ್ನ ಎರಡೂಕಾಲು. ನಾಮಪತ್ರಕ್ಕೆ ಮೂರು ಗಂಟೆಯೇ ಗಡುವು.

“ಶ್ರೀಮತಿ ರವಿಕುಮಾರ ಅಂತಿದೆ. ಯಾರಮ್ಮ ಇದು?”

ಕುಮಾರಿಯ ಹಿಂದೆ ನಿಂತಿದ್ದ ಗಂಡ ರವಿಕುಮಾರ ತನ್ನ ಹೆಸರು ಕೇಳಿ ಕಾಲರು ಸರಿಮಾಡಿಕೊಂಡ. ವಾರ್ಡು ಹೆಂಗಸರಿಗೆ ಮೀಸಲೆಂಬುದು ಅವನಿಗೆ ಆಗಾಗ ಮರೆಯುತ್ತಿತ್ತು.

“ನನ್ನೆಸ್ರು ಕುಮಾರಿ, ಸಾರ್.”

“ಹಾಗಾದ್ರೆ ಈ ಫಾರಂ ನಿಮ್ಮದಲ್ಲ. ಮೂರರೊಳಗೆ ಬೇರೆ ತನ್ನಿ. ಇಲ್ಲಾಂದ್ರೆ ಪಕ್ಷೇತರ.”

ಕುಮಾರಿ ಚಾಮರಾಜನಗರದ ಪಕ್ಷದ ಕಚೇರಿಗೆ ಫೋನು ಮಾಡಿದಳು. ಕಾರ್ಯದರ್ಶಿ ಗುರುಪಾದಸ್ವಾಮಿ ನಿರಾಳವಾಗಿದ್ದರು. “ಕುಮಾರಿ ರವಿಕುಮಾರ ಅಂತಿತ್ತು ಕಣಮ್ಮ. ಮದ್ವೆ ಆದೋರ್ನ ಕುಮಾರಿ ಅನ್ನಬಾರ್ದು ಅಂತ ನಾನೇ ಶ್ರೀಮತಿ ಮಾಡ್ಬುಟ್ಟೆ.”

“ಅಣ್ಣ, ಹದಿನೆಂಟ್ ವರ್ಸ ಪಕ್ಷಕ್ಕೆ ದುಡ್ದಿವ್ನಿ. ನಾನ್ಯಾರು ಅಂತ ಗೊತ್ತಿಲ್ವಾ?”

“ಗೊತ್ತಿಲ್ದೆ ಏನಮ್ಮ! ಏಳನೇ ವಾರ್ಡ್ ರವಿಕುಮಾರನ ಎಂಡ್ರು.”

ಹೊಸ ಫಾರಂಗೆ ಸಹಿ ಹಾಕಬೇಕಾದ ಅಧ್ಯಕ್ಷರು ಮೈಸೂರಿಗೆ ಹೋಗಿದ್ದರು.

ಏಳನೇ ವಾರ್ಡಿನ ಪಿಂಚಣಿ ಅರ್ಜಿ, ನಲ್ಲಿ ನೀರಿನ ದೂರು, ಮತದಾರರ ಪಟ್ಟಿಯಲ್ಲಿ ಬಿಟ್ಟುಹೋದ ಸೊಸೆಯಂದಿರು ಎಲ್ಲವನ್ನೂ ಕಚೇರಿಯ ಮೆಟ್ಟಿಲು ಹತ್ತಿಸಿದವಳು ಕುಮಾರಿ. ಚುನಾವಣೆ ಬಂದರೆ ಮನೆಮನೆಗೂ ಒಂದೇ ಪಾಠ: “ಎಸ್ರು ನೋಡ್ಬ್ಯಾಡಿ, ಗುರ್ತು ನೋಡಿ ಒತ್ತಿ.” ಪಕ್ಷ ಎಂಥವನನ್ನು ನಿಲ್ಲಿಸಿದರೂ ಪಾಠ ಬದಲಾದದ್ದಿಲ್ಲ. ಎಂಥೆಂಥವರೋ ಅದರಿಂದ ಗೆದ್ದಿದ್ದರು.

ಮೂರಕ್ಕೆ ಐದು ನಿಮಿಷ. “ಓಗ್ಲಿ ಬುಡು, ಮುಂದಿನ್ ಸಲ ನೋಡನ,” ಎಂದ ರವಿಕುಮಾರ.

“ಬರ್ಕಳಿ ಸಾರ್, ಪಕ್ಷೇತರ,” ಎಂದಳು ಕುಮಾರಿ. “ಬರೀ ಕುಮಾರಿ. ಹಿಂದೇನೂ ಬ್ಯಾಡ, ಮುಂದೇನೂ ಬ್ಯಾಡ.”

ಮನೆಗೆ ಹೋಗುವ ದಾರಿಯಲ್ಲೇ ಮೊದಲ ಓಟು ಕೇಳಿದಳು. ವಾರ್ಡಿನ ಮುದುಕಿ ಪುಟ್ಟಮಾದಮ್ಮ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದಳು. ಬೆನ್ನ ಹಿಂದಿನ ಗೋಡೆಯಲ್ಲಿ ಕುಮಾರಿಯೇ ಬರೆಸಿದ್ದ ಪಕ್ಷದ ಗುರುತು.

“ಅವ್ವ, ಈ ಸಲ ಆ ಗುರ್ತು ಇರಾಕಿಲ್ಲ. ನನ್ನೆಸ್ರು ನೋಡಿ ಒತ್ತು.”

“ಓದಾಕ್ ಬಂದಿದ್ರೆ ನಿನ್ ಯಾಕ್ ಕೇಳ್ತಿದ್ದೆ ಕಣಮ್ಮಿ?”

“ಬೇರೆ ಗುರ್ತು ಕೊಡ್ತರೆ. ನಾನೇ ಬಂದು ತೋರಿಸ್ತೀನಿ.”

ಮುದುಕಿ ಗೋಡೆ ನೋಡಿದಳು, ಕುಮಾರಿಯ ಮುಖ ನೋಡಿದಳು. ಇದೇನೋ ಪರೀಕ್ಷೆ ಇರಬೇಕೆಂದು ನಕ್ಕಳು.

“ಯಾರ್ ಬಂದು ಕಾಲಿಡ್ಕಂಡ್ರೂ ಬೇರೆ ಗುರ್ತಿಗೆ ಒತ್ಬ್ಯಾಡ ಅಂತ ಆಣೆ ಇಕ್ಕಿಸ್ಕಂಡೋಳು ನೀನೇ ಅಲ್ವಾ? ಎದರ್ಕಬ್ಯಾಡ ಓಗು. ನಿನ್ ಮಾತ ನಾನು ಮೀರಾಕಿಲ್ಲ.”