ಕಿಚ್ಚಿನಾಚೆಗೆ ಒಂದು ಹೆಸರು

ಹುಲ್ಲಿನ ವಾಸನೆ, ಇನ್ನೂ ಕಡ್ಡಿ ಗೀರಿಲ್ಲ, ಆಗಲೇ ಮೂಗಿಗೆ ಹೊಗೆ ಬಂದ ಹಾಗೆ, ಮಗ ಮಹದೇವು ಬೀದಿಗೆ ಅಡ್ಡಲಾಗಿ ಹುಲ್ಲು ಹರಡುತ್ತಿದ್ದಾನೆ, ಇವನಿಗೆ ತೆಳ್ಳಗೆ ಹರಡಲು ಬರುವುದೇ ಇಲ್ಲ, ಗುಡ್ಡೆ ಹಾಕುತ್ತಾನೆ, ಹಾಯೋದು ಕರು ಕಣ್ಲಾ ಆನೆ ಅಲ್ಲ ಅಂತ ಕೂಗೋಣ ಅಂದುಕೊಂಡೆ, ಬಾಯಿ ಬಿಡಲಿಲ್ಲ, ಬಿಟ್ಟರೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಾರೆ, ಈ ಸಂಕ್ರಾಂತಿಯ ಸಂಜೆ ಪೂರಿಗಾಲಿಯ ಈ ಬೀದಿಗೆಲ್ಲ ನನ್ನ ಬಾಯಿಯದೇ ಯೋಚನೆ, ವನಜಾ ಕರುವನ್ನು ಏನಂತ ಕೂಗುತ್ತಾಳೋ ಅಂತ. ನಮ್ಮ ಮನೆಯ ಪದ್ಧತಿ ಅದು, ದನ ಕಿಚ್ಚು ಹಾಯುವಾಗ ಹಾಲು ಕರೆಯುವ ಹೆಂಗಸು ಬೆಂಕಿಯ ಆಚೆ ನಿಂತು ಹೆಸರು ಹಿಡಿದು ಕೂಗಬೇಕು, ಆ ದನಿಗೆ ಅದು ಹಾರಿ ಬರಬೇಕು, ಮೊದಲ ಕಿಚ್ಚಿನಲ್ಲಿ ಕೂಗಿದ್ದೇ ಕರುವಿಗೆ ಕೊನೆತನಕ ಹೆಸರು. ದೊಡ್ಡ ಹಸು ಕೆಂಪಿಯದು ತೊಂದರೆಯಿಲ್ಲ, ಅದರ ಹಿಂದೆ ಅರಿಶಿನ ಬಳಿಸಿಕೊಂಡು, ಕೊರಳಿಗೆ ಬಲೂನು ಕಟ್ಟಿಸಿಕೊಂಡು ನಿಂತಿದೆಯಲ್ಲ ಈ ಕರಿ ಕರು, ಹಣೆಯಲ್ಲಿ ಬಿಳಿ ಚುಕ್ಕೆ, ತೊಂದರೆಯೆಲ್ಲ ಅದರದು. ಅತ್ತೆ ದೇವಿರಮ್ಮ ಜಗಲಿಯ ಮೇಲೆ ಕೂತು ಬೆಳಗಿನಿಂದ ಒಂದೇ ರಾಗ, ನನ್ ಮಗ ವಾಪಸ್ ಬಂದವ್ನೆ, ನಾಗಯ್ಯ ಅಂತ್ಲೇ ಕರೀಬೇಕು, ಇಲ್ದಿದ್ರೆ ನಾ ಉಣ್ಣಾಕಿಲ್ಲ. ಹೆಣ್ಣು ಕರು ಕಣಜ್ಜಿ ಅಂತ ಮಹದೇವು ನಕ್ಕರೆ, ಇರ್ಲಿ ಬುಡ್ಲಾ, ಗಂಡ್ಸಾಗಿ ಮೆರೆದಿದ್ದು ಸಾಕು, ಒಂದ್ಸಲ ಕರು ಈಯಲಿ, ಗೊತ್ತಾಯ್ತದೆ ಅಂದಳು ಅತ್ತೆ. ನನ್ನ ಗಂಡ, ಇವರು, ಹೋಗಿದ್ದು ಆಷಾಢದಲ್ಲಿ, ಮಧ್ಯಾಹ್ನ ಉಂಡು ಜಗಲಿಯಲ್ಲಿ ಅಡ್ಡಾದವರು ಏಳಲೇ ಇಲ್ಲ, ಕರು ಹುಟ್ಟಿದ್ದು ಕಾರ್ತಿಕದಲ್ಲಿ, ಸೊಸೆ ಶೋಭಿತಾ ಮೆಲ್ಲಗೆ, ಅಜ್ಜಿ, ಮಾವ ಹೋಗೋಕೆ ಮೊದಲೇ ಕೆಂಪಿ ಗಬ್ಬ ಆಗಿತ್ತಲ್ಲ ಅಂದಳು, ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ, ಅವ್ನು ಕಂಡಕ್ಟ್ರು ಕಣ್ ಮಗಾ, ಮೊದ್ಲೇ ಟವಲ್ ಹಾಕಿ ಸೀಟು ಇಡ್ಕಂಡಿದ್ದ. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ, ಆಷಾಢದಿಂದ ಈಚೆಗೆ ನಾನು ಹಾಗೆ ನಕ್ಕಿದ್ದು ಅದೇ ಮೊದಲು.

ಆದರೆ ಹೇಗೆ ಕೂಗಲಿ, ಅತ್ತೆಗೇನು, ಹೆತ್ತವಳು, ಊರಿಗೆಲ್ಲ ಕೇಳುವ ಹಾಗೆ ಕೂಗಬಲ್ಲಳು, ನಾನು ಇವರ ಹೆಸರನ್ನು ಒಂದು ದಿನವಾದರೂ ಬಾಯಲ್ಲಿ ಆಡಿದವಳಲ್ಲ, ಈಗ ಮನಸ್ಸಿನಲ್ಲೂ ಇವರು, ಇವರು ಅಂತಲೇ ಬರುತ್ತದೆ ನೋಡು. ಮದುವೆಯಾಗಿ ಬಂದ ದಿನ ನಾದಿನಿ ನಾಗಮಣಿ ಬಾಗಿಲಿಗೆ ಅಡ್ಡ ನಿಂತು, ಹೆಸರೇಳಿ ಒಳಕ್ ಬಾ ಅತ್ಗೆ ಅಂದಾಗ ನಿಮ್ಮಣ್ಣ ಅಂದುಬಿಟ್ಟೆ, ಎಲ್ಲರೂ ಗೊಳ್ಳೆಂದರು, ಇವರೂ ನಕ್ಕರು, ಆಮೇಲೆ ಮಹದೇವು ಹುಟ್ಟಿದ, ಮಾದೇವುನ ಅಪ್ಪ ಅಂತ ಸಲೀಸಾಯಿತು. ಬುದ್ಧನ ದಾರಿ ಹಿಡಿದ ಮೇಲಂತೂ ಇವರದು ದಿನಾ ಇದೇ, ಇವೆಲ್ಲ ಮೂಢನಂಬಿಕೆ ಕಣಮ್ಮಿ, ಒಂದ್ಸಲ ಹೆಸರಿಡಿದು ಕರಿ, ಆಯಸ್ಸು ಕಮ್ಮಿ ಆದ್ರೆ ನಂದ್ ತಾನೆ ಆಗೋದು. ಒಂದು ಸಲ ಬುತ್ತಿ ಮರೆತು ಹೋಗಿದ್ದರು, ಕ್ಯಾರಿಯರ್ ಹಿಡಿದು ಮಳವಳ್ಳಿ ಬಸ್ ಸ್ಟ್ಯಾಂಡಿಗೆ ಓಡಿದೆ, ಬಸ್ಸು ಹೊರಟಿತ್ತು, ಕಂಡಕ್ಟ್ರೇ, ಕಂಡಕ್ಟ್ರೇ ಅಂತ ಅರಚಿದೆ, ಅಲ್ಲಿದ್ದ ಕಂಡಕ್ಟರುಗಳೆಲ್ಲ ತಿರುಗಿದರು, ಇವರು ಮಾತ್ರ ಫುಟ್‌ಬೋರ್ಡಿನ ಮೇಲೆ ನಿಂತು ಬೇಕೆಂದೇ ಆ ಕಡೆ ಮುಖ ಮಾಡಿ, ಸೀಟಿ ಊದಿ, ರೈಟ್ ಅಂದು ಹೊರಟೇ ಹೋದರು, ಸಂಜೆ ಹಸಿದ ಹೊಟ್ಟೆಯಲ್ಲಿ ಬಂದು, ಹೆಸರು ಕೂಗಿದ್ರೆ ನಿಲ್ಲುಸ್ತಿದ್ದೆ ಕಣಮ್ಮಿ — ಎಂಥ ಹಟ. ಹೋದ ವರ್ಷ ಇದೇ ಕಿಚ್ಚು, ಇದೇ ಜಾಗ, ನಾನು ಕೆಂಪಿಯನ್ನು ಕೂಗಿದೆ, ಅದು ಹಾರಿತು, ಇವರು ನನ್ನ ರಟ್ಟೆ ಹಿಡಿದು, ನೋಡಮ್ಮಿ, ನಾಕು ಕಾಲೂ ನೆಲ ಬುಟ್ಟವೆ, ಈಗ ಅದು ಈಚ್ಗೂ ಇಲ್ಲ, ಆಚ್ಗೂ ಇಲ್ಲ ಅಂದರು, ಆ ನಾಲ್ಕು ಗೊರಸು, ಕೆಳಗೆ ಬೆಂಕಿ, ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ನಮ್ಮ ಮನೆಯ ಒಂದೇ ಗೋಡೆಗೆ ಮೂರು ಮೊಳೆ, ಒಂದಕ್ಕೆ ಅತ್ತೆಯ ಮನೆದೇವರು ಸಿದ್ದಪ್ಪಾಜಿ, ಒಂದಕ್ಕೆ ಇವರ ಬುದ್ಧ, ಶೋಭಿತಾ ಗುತ್ತಲಿನ ತವರಿನಿಂದ ಬರುವಾಗ ತಂದ ಶಿಲುಬೆಗೆ ಮೂರನೆಯದು, ಮೂರೂ ಹೊಡೆದವರು ಇವರೇ. ಮಾವ ಸೊಸೆ ಕೂತರೆ ಮುಗಿಯಿತು, ಒಲೆಯ ಮೇಲಿನ ಸಾರು ಬತ್ತಿದರೂ ಮಾತು ಬತ್ತದು. ಉಣ್ಣುವ ಮೊದಲು ಅವಳು ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳಿದರೆ ಇವರು, ಬೆಳೆದೋನು ಮಹದೇವು, ಬೇಯಿಸ್ದೋಳು ನಿಮ್ಮತ್ತೆ, ವಂದನೆ ಮಾತ್ರ ಅವನಿಗಾ ಅಂತ ಕೆಣಕುವರು, ಅವಳು ತಣ್ಣಗೆ, ಇವರಿಬ್ಬರನ್ನೂ ಕೊಟ್ಟೋನು ಅವನೇ ಅಲ್ವಾ ಮಾವ, ನಿಮ್ಮನ್ನೂ ಅಂದರೆ ಇವರು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವರು. ಅವಳಿಗೆ ದೇವರು ಅಂದರೆ ಹುಟ್ಟಿಸಿದ ಅಪ್ಪ, ಕರೆದರೆ ಓ ಅನ್ನುವವನು, ಅತ್ತೆಗೆ ಸಿದ್ದಪ್ಪಾಜಿ ಅಂದರೆ ಎದುರುಮನೆಯವನು, ಕೆಲಸ ಆಗದಿದ್ದರೆ ಬೈದು ಬರುತ್ತಾಳೆ, ಇವರಿಗೆ ಮಾತ್ರ ಅಲ್ಲಿ ಯಾರೂ ಇಲ್ಲ, ಬೆಳಗ್ಗೆ ಎದ್ದು ಧ್ಯಾನ ಅಂತ ಉಸಿರು ನೋಡುತ್ತಾ ಕೂರುವುದು. ಯಾರೂ ಇಲ್ಲ ಅಂದ್ರೆ ಯಾಕೆ ನಗ್ತಾ ಕೂತಿದ್ರಿ ಮಾವ ಅಂತ ಅವಳು, ಯಾರೂ ಇಲ್ವಲ್ಲ, ಬೈಯೋರೂ ಇಲ್ಲ, ಅದ್ಕೇ ಅಂತ ಇವರು. ಮಳವಳ್ಳೀಲಿ ಹತ್ತಿದೋರು ಮದ್ದೂರಲ್ಲಿ ಇಳೀತಾರೆ, ಮದ್ದೂರಲ್ಲಿ ಹತ್ತಿದೋರು ಮಂಡ್ಯದಲ್ಲಿ, ಡ್ರೈವರ್ ಬದ್ಲಾಯ್ತಾನೆ, ಟೈರ್ ಬದ್ಲಾಯ್ತದೆ, ಆದ್ರೂ ಅದೇ ಬಸ್ಸು ಅಂತೀರಿ, ಯಾವ್ದವ್ವ ಅದೇ? ನಾನು ಅನ್ನೋ ಮಾತೂ ಹಂಗೇ, ಒಳಗೆ ಕಾಯಮ್ಮಾಗಿ ಕೂತೋರು ಯಾರೂ ಇಲ್ಲ — ಇವರ ಧರ್ಮವೆಲ್ಲ ಆ ಒಂದು ರೂಟಿನಲ್ಲೇ ಓಡುತ್ತಿತ್ತು. ನಮ್ ನಮ್ ಪಾಡು ನಾವೇ ದಾಟ್ಕಬೇಕು ಅಂದಾಗ ಶೋಭಿತಾ ಹಿಡಿದುಬಿಟ್ಟಳು, ಬಸ್ಸಲ್ಲಿ ನನ್ನ ಟಿಕೆಟ್ ಬೇರೆಯವರು ತಗೋಬಹುದಲ್ವಾ ಮಾವ, ಯೇಸು ಮಾಡಿದ್ದು ಅಷ್ಟೇ. ಇವರು ತಲೆ ಕೆರೆದುಕೊಂಡರು, ತಗೋಬಹುದು ಕಣವ್ವ, ಇಳಿಯೋದು ಮಾತ್ರ ನೀನೇ ಇಳೀಬೇಕು, ಅಂದು ಅವಳಿಗಿಂತ ಜೋರಾಗಿ ನಕ್ಕರು. ನಾನು ಯಾವ ಕಡೆಗೂ ಸೇರಿದವಳಲ್ಲ, ಸಾರಿಗೆ ಉಪ್ಪು ಹಾಕುತ್ತಾ ಇಬ್ಬರ ಮಾತೂ ಸರಿ ಅನ್ನುತ್ತಿದ್ದೆ, ಆಗ ಮಾತು ಬರೀ ಮಾತಾಗಿತ್ತು, ಇವರು ಎದುರಿಗೆ ಇದ್ದರು.

ಈಗ ನನಗೆ ಬೇಕಾಗಿರುವುದು ಒಂದೇ, ಇವರನ್ನು ಮತ್ತೆ ನೋಡುತ್ತೇನೋ ಇಲ್ಲವೋ. ಅತ್ತೆ ಹೇಳುವ ಹಾಗಾದರೆ ಇಗೋ, ದಿನಾ ಮೈ ತಿಕ್ಕುತ್ತಿದ್ದೇನೆ, ಆದರೆ ಕರುವಿಗೆ ನಾನು ಯಾರೋ ಹುಲ್ಲು ಹಾಕುವವಳು. ಇವರು ಹೇಳಿದ ಹಾಗಾದರೆ ಬಸ್ಸು ಖಾಲಿ. ಇವತ್ತು ಕೊಟ್ಟಿಗೆಯಲ್ಲಿ ಬಲೂನು ಕಟ್ಟುತ್ತಾ ಶೋಭಿತಾ ನನಗೆ ಅಂದಳು, ಮಾವ ಎಲ್ಲೂ ಕಳೆದುಹೋಗಿಲ್ಲ ಅತ್ತೆ, ದೇವರಿಗೆ ಅವರ ಹೆಸರು ಗೊತ್ತು, ಒಂದು ದಿನ ಹೆಸರು ಹಿಡಿದು ಕರೀತಾನೆ, ಅವತ್ತು ಮಾವ ಮಾವನಾಗೇ ಎದ್ದು ಬರ್ತಾರೆ, ಬೇರೆ ಯಾರೋ ಆಗಿ ಅಲ್ಲ. ಮಂಡಿನೋವೂ ಇರ್ತದಾ ಮಗಾ ಅಂದೆ. ಇರಲ್ಲ ಅತ್ತೆ. ಸದ್ಯ, ಎಣ್ಣೆ ಹಚ್ಚುವ ಕೆಲಸ ತಪ್ಪಿತು ಅಂದು ನಗಿಸಿದೆ, ಒಳಗೆ ಮಾತ್ರ ಹೊಟ್ಟೆಕಿಚ್ಚು, ಆ ದೇವರು ಯಾರೋ, ಮಂಡ್ಯದ ಬಸ್ಸಿನಲ್ಲಿ ಒಂದು ದಿನ ಇವರ ಜೊತೆ ಕೂತವನಲ್ಲ, ಅವನು ಹೆಸರು ಹಿಡಿದು ಕರೆಯುತ್ತಾನಂತೆ, ಇಷ್ಟು ವರ್ಷ ಬಾಳಿದ ನಾನು ಕರೆದಿಲ್ಲ. ಮಹದೇವು ಕಡ್ಡಿ ಗೀರಿದ. ಪಕ್ಕದ ಮನೆಯ ಮರಿತಾಯಮ್ಮ ಯಾರಿಗೋ ಪಿಸುಗುಟ್ಟುತ್ತಾಳೆ, ಗಂಡ ಸತ್ತು ವರ್ಸ ತುಂಬಿಲ್ಲ, ಕಿಚ್ಚಿನ ಮುಂದೆ ನಿಂತವ್ಳೆ, ಜಗಲಿಯಿಂದ ಅತ್ತೆ, ನಿಂತ್ಕಳ್ಲಿ ಬುಡಮ್ಮಿ, ಗಂಡ ಅಲ್ಲೇ ಅವ್ನೆ ಅಂತ ಕರುವಿನ ಕಡೆ ಕೈ ತೋರಿಸುತ್ತಾಳೆ. ಬೆಂಕಿ ಎದ್ದಿತು, ಕೆಂಪೀ ಅಂದೆ, ಕೆಂಪಿ ಒಂದೇ ನೆಗೆತ, ಮುಖಕ್ಕೆ ಝಳ, ಮಕ್ಕಳ ಕೇಕೆ, ಈಗ ಕರು, ಮಹದೇವು ಹಗ್ಗ ಸಡಿಲ ಬಿಟ್ಟ, ಅದು ಮುಂಗಾಲು ಊರಿ ನಿಂತೇಬಿಟ್ಟಿತು, ಬಾ ಬಾ ಅಂದೆ, ಊಹೂಂ, ಬೇಗ ಕರೀರಿ ಅತ್ತೆ, ಬೆಂಕಿ ಇಳಿದುಬಿಡುತ್ತೆ ಅಂತ ಪಕ್ಕದಲ್ಲಿ ಶೋಭಿತಾ, ಹುಲ್ಲಿನ ಬೆಂಕಿ, ಎಷ್ಟು ಹೊತ್ತು, ಏನು ಕೂಗಲಿ, ಕಂಡಕ್ಟ್ರೇ — ಅಂದುಬಿಟ್ಟೆ, ಬೀದಿಗೆ ಬೀದಿಯೇ ನಕ್ಕಿತು, ನಾನೂ ನಕ್ಕೆ, ಕರು ಮಾತ್ರ ಕತ್ತು ಹೊರಳಿಸಿ ಆ ಕಡೆ ಮುಖ ಮಾಡಿಕೊಂಡಿತು, ಬೇಕೆಂದೇ, ಕೇಳಿಸಿಯೂ ಕೇಳಿಸದವರ ಹಾಗೆ, ಅಯ್ಯೋ ನನ್ನಪ್ಪ, ಅದೇ ಹಟ, ಕರುವಾಗಿರಲಿ, ದೇವರ ಹತ್ತಿರವೇ ಇರಲಿ, ಎಲ್ಲೂ ಇಲ್ಲದೇ ಇರಲಿ, ಇನ್ನೊಂದು ಸಲ ಬುತ್ತಿ ಹಿಡಿದುಕೊಂಡು ನಿಲ್ಲಲಾರೆ, ನಿಮ್ಮ ಮೇಲೆ ನನಗೆ ಆಸೆ, ಆಗಲೂ ಆಸೆ, ಈಗಲೂ ಆಸೆ, ಎದೆ ತುಂಬಿ ಉಸಿರೆಳೆದೆ, ನಾಗಯ್ಯಾ — ಅದು ನನ್ನದೇ ದನಿಯೇ, ಎಷ್ಟು ಹಗುರ, ಇನ್ನೊಂದು ಸಲ, ನಾಗಯ್ಯಾ, ಬನ್ನಿ, ಕರು ತಿರುಗಿತು, ಕಿವಿ ನಿಮಿರಿತು, ಹಗ್ಗ ಕೈ ಬಿಟ್ಟುಹೋಯಿತು, ಬಲೂನು, ಬಿಳಿ ಚುಕ್ಕೆ, ನಾಲ್ಕು ಕಾಲೂ ನೆಲ ಬಿಟ್ಟಿವೆ, ಕೆಳಗೆ ಬೆಂಕಿ, ಈಚೆಗೂ ಇಲ್ಲ, ಆಚೆಗೂ ಇಲ್ಲ, ನಾಲ್ಕು ಕಾಲು, ಗಾಳಿಯಲ್ಲಿ ನಾಲ್ಕೂ ಕಾಲು —