ಗುದ್ದಿದ ಕಾರನ್ನು ಬಿಡಬಾರದು

ಕಾರು ಗುದ್ದಿದರೆ ಏನು ಮಾಡಬೇಕು ಅನ್ನುವುದು ಬೆಸಗರಹಳ್ಳಿ ಸುತ್ತಿನ ಒಕ್ಕಲುಮಕ್ಕಳಿಗೆ ಚೆನ್ನಾಗಿಯೇ ಗೊತ್ತಿತ್ತು. ಕಾರನ್ನು ಬಿಡಬಾರದು, ಅಷ್ಟೇ. ಹಿಂದಿನ ಸುಗ್ಗಿಯಲ್ಲಿ ಮಂಗಳಮ್ಮನ ಗಂಡನನ್ನು ಯಾವುದೋ ಕಾರು ಕೆಡವಿ, ಧೂಳೆಬ್ಬಿಸಿಕೊಂಡು ಹೋದದ್ದು ಹೋಗೇ ಹೋಯಿತು. ಯಾರ ಕಾರು, ಯಾವ ಊರಿನದು ಅಂತ ಪೊಲೀಸರು ಕೇಳಿದರೆ ಹೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಚಾವಡಿಯಲ್ಲಿ ಹಿರಿಯರೆಲ್ಲ ಕೂತು ಒಂದು ಮಾತಿಗೆ ಬಂದರು: ಇನ್ನು ಮೇಲೆ ಯಾವನೇ ಗುದ್ದಲಿ, ದೊರೆಯೇ ಆಗಲಿ, ಪಟೇಲರು ಬಂದು ಮಹಜರು ಮಾಡುವ ತನಕ ಕಾರು ಇದ್ದಲ್ಲಿಂದ ಅಲ್ಲಾಡಕೂಡದು. ಆವತ್ತು ಎಲ್ಲರಿಗಿಂತ ಗಟ್ಟಿಯಾಗಿ ಗಂಟಲು ಹರಿದುಕೊಂಡವನು ದೊಡ್ಡಸಿದ್ದಯ್ಯ.

ದೊಡ್ಡಸಿದ್ದಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವನ ಬಾಯಿಗೆ ಹೆದರದವರು ಊರಲ್ಲಿ ಯಾರಾದರೂ ಇದ್ದರೆ ಅದು ಅವನ ತಮ್ಮ ಕರಿಯಪ್ಪ ಒಬ್ಬನೇ. ಪ್ಲೇಗಿನಲ್ಲಿ ಅಪ್ಪ ಅವ್ವ ಒಟ್ಟಿಗೆ ಹೋದಾಗ ಕರಿಯಪ್ಪ ಇನ್ನೂ ಅಂಬೆಗಾಲಿಕ್ಕುತ್ತಿದ್ದ. ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಎಮ್ಮೆ ಮೇಯಿಸಿ, ಅಂಬಲಿ ಕುಡಿಸಿ, ಸಾಕಿ, ಆತಗೂರಿನ ಹೊಂಬಾಳಮ್ಮನನ್ನು ತಂದು ಮದುವೆಯನ್ನೂ ಮಾಡಿದ್ದ. ತಮ್ಮನಿಗೆ ಮೀಸೆ ಬಂದು ಹೆಂಡತಿ ಬಂದರೂ ದೊಡ್ಡಸಿದ್ದಯ್ಯನ ಬಾಯಲ್ಲಿ ಅವನು 'ಕೂಸು'. ಊರವರು ಆಡಿಕೊಂಡು ನಕ್ಕರೆ ನಗಲಿ, ಇವನಿಗೇನು!

ಜರ್ಮನಿ ಯುದ್ಧದ ಕಾಲ. ಪೆಟ್ರೋಲಿಗೆ ಬರ, ರಸ್ತೆಯಲ್ಲಿ ಕಾರು ಕಾಣುವುದೇ ಅಪರೂಪ. ಆ ಬೆಳಿಗ್ಗೆ ಅಣ್ಣತಮ್ಮಂದಿರು ಮದ್ದೂರು ರಸ್ತೆಯ ಅಂಚಿನ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದರು. ಎತ್ತಿನ ಗಾಡಿ ರಸ್ತೆಯ ಆಚೆ ಬದಿಗಿತ್ತು. ಕರಿಯಪ್ಪ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು, ಸೋಗೆ ಕಣ್ಣಿಗೆ ಅಡ್ಡ ಬಂದು, ಪಕ್ಕದ್ದು ಕಾಣದೆ ರಸ್ತೆಗೆ ಕಾಲಿಟ್ಟ. ತಿರುವಿನಿಂದ ಕಾರು ಬಂದೇ ಬಿಟ್ಟಿತು.

ದೊಡ್ಡಸಿದ್ದಯ್ಯ ಮಚ್ಚು ಹಿಡಿದುಕೊಂಡೇ ಓಡಿಬಂದ. ಕರಿಯಪ್ಪ ಕಬ್ಬಿನ ಜಲ್ಲೆಗಳ ನಡುವೆ ಬಿದ್ದಿದ್ದ. ತೊಡೆ ಮುರಿದು ಮೂಳೆ ಹೊರಗೆ ಬಂದಿತ್ತು, ಪಂಚೆಯೆಲ್ಲ ರಕ್ತ.

"ಅಣ್ಣಯ್ಯ, ನನ್ ಕಾಲು..." ಅಂದ.

ಕಾರು ನಿಂತಿತ್ತು. ಅದನ್ನು ಓಡಿಸುತ್ತಿದ್ದವನು ಮಳವಳ್ಳಿಯ ರಾಮಲಿಂಗಯ್ಯ, ರೇಷ್ಮೆಗೂಡಿನ ವ್ಯಾಪಾರಿ. ಇಳಿದು ಬಂದವನು ಕರಿಯಪ್ಪನನ್ನು ನೋಡಿ ಬಿಳಿಚಿಕೊಂಡ. "ಅಯ್ಯೋ ಶಿವನೇ!" ಅಂದವನೇ ತಿರುಗಿ ಕಾರಿನ ಕಡೆಗೆ ಓಡಿದ.

ಅಷ್ಟು ಸಾಕಾಯಿತು.

"ಓಡೋಯ್ತಾವ್ನೆ! ಬುಡಬ್ಯಾಡ್ರೋ!" ಅಂತ ದೊಡ್ಡಸಿದ್ದಯ್ಯ ಅಬ್ಬರಿಸಿದ. ಪಕ್ಕದ ಗದ್ದೆಯ ಕೆಂಪಸಿದ್ದಯ್ಯ ಹೋಗಿ ರಾಮಲಿಂಗಯ್ಯನ ರಟ್ಟೆ ಹಿಡಿಯುವುದರೊಳಗೆ ದೊಡ್ಡಸಿದ್ದಯ್ಯನ ಮಚ್ಚು ಮುಂದಿನ ಚಕ್ರಕ್ಕೆ ಬಿದ್ದಿತ್ತು. ಕಬ್ಬು ಕಡಿದು ಪಳಗಿದ ಕೈ. ರಬ್ಬರು ಬಾಯಿಬಿಟ್ಟು ಬುಸ್ಸೆಂದಿತು. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಈಚೆಗೆ ಬಂದು ಹಿಂದಿನ ಚಕ್ರವನ್ನೂ ಕೊಚ್ಚಿದ.

"ಭಲೇ ದೊಡ್ಡಸಿದ್ದಣ್ಣ! ಇನ್ನೆಲ್ಲಿಗೆ ಓಯ್ತಾನೆ ನೋಡಾನ," ಅಂದರು ಸೇರಿದವರು.

ರಾಮಲಿಂಗಯ್ಯ ರಟ್ಟೆ ಬಿಡಿಸಿಕೊಳ್ಳಲಿಲ್ಲ. ನಿಂತಲ್ಲೇ ಅಳುವುದಕ್ಕೆ ಶುರುಮಾಡಿದ. "ಏನ್ ಮಾಡ್ಬುಟ್ರಿ ಯಜಮಾನ್ರೆ! ಹಿಂದಿನ ಸೀಟ್ನಲ್ಲಿ ಗೂಡಿನ ಮೂಟೆ ಅವೆ. ಅದನ್ನ ಕೆಳಕ್ಕೆ ಹಾಕಿ, ಇವರ್ನ ಮಲಗಿಸ್ಕೊಂಡು ಮಂಡ್ಯದ ಆಸ್ಪತ್ರೆಗೆ ಹೋಗಾನ ಅಂತ ಓಡ್ದೆ."

ದೊಡ್ಡಸಿದ್ದಯ್ಯ ಕಾರಿನೊಳಕ್ಕೆ ಬಗ್ಗಿ ನೋಡಿದ. ಮೂಟೆಗಳಿದ್ದವು. ಅವನ ಕೈಯಿಂದ ಮಚ್ಚು ಜಾರಿತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಬೇರೆ ಚಕ್ರ ಇದ್ದದ್ದು ಒಂದೇ. ಅದನ್ನು ಮುಂದಕ್ಕೆ ಹಾಕಿ, ಹರಿದ ಹಿಂದಿನ ಚಕ್ರಕ್ಕೆ ಹುಲ್ಲು ತುರುಕಿ, ಕರಿಯಪ್ಪನ ತೊಡೆಗೆ ಟವಲು ಬಿಗಿದು ಎತ್ತಿ ಮಲಗಿಸಿದರು. ಕಾರು ಕುಂಟುತ್ತ ಒಂದು ಮಾರು ಹೋಗಿ, ಹಿಂಬದಿ ಎಳೆದು, ರಸ್ತೆ ಬದಿಯ ಕಾಲುವೆಗೆ ಇಳಿದು ಕೂತಿತು. ಊರೆಲ್ಲ ಹೆಗಲು ಕೊಟ್ಟರೂ ಮೇಲೇಳಲಿಲ್ಲ. ಅದುವರೆಗೆ ಅದನ್ನು ಹಿಡಿದು ನಿಲ್ಲಿಸಿದವರೇ ಈಗ "ಓಗಪ್ಪಾ, ಓಗು ತಾಯಿ" ಅಂತ ಅದಕ್ಕೆ ಕೈ ಮುಗಿಯುತ್ತಿದ್ದರು.

ಕಡೆಗೆ ಗಾಡಿಯೇ ಗತಿ. ಕಬ್ಬು ಕೆಳಕ್ಕೆ ಕೆಡವಿ, ಸೋಗೆ ಹಾಸಿ, ಮಲಗಿಸಿಕೊಂಡು ಹೊರಟರು. ದೊಡ್ಡಸಿದ್ದಯ್ಯ ಎತ್ತುಗಳ ಬೆನ್ನು ಬಾಸುಂಡೆ ಏಳುವ ಹಾಗೆ ಬಾರಿಸಿದ. ರಾಮಲಿಂಗಯ್ಯ ತಾನೂ ಹತ್ತಿ, ಕರಿಯಪ್ಪನ ತೊಡೆಯನ್ನು ಎರಡು ಕೈಯಲ್ಲೂ ಅದುಮಿ ಹಿಡಿದಿದ್ದ. ಆದರೂ ರಕ್ತ ಸೋಗೆಯ ಸಂದಿನಿಂದ ರಸ್ತೆಗೆ ತೊಟ್ಟಿಕ್ಕುತ್ತಲೇ ಇತ್ತು. ಎದುರಿಗೆ ಒಂದಾದರೂ ಬಸ್ಸು ಬಂದೀತೇ ಅಂತ ದೊಡ್ಡಸಿದ್ದಯ್ಯ ಕಣ್ಣು ಕೀಲಿಸಿ ನೋಡಿದ. ಕಾರು ಕಂಡರೆ ಹಲ್ಲು ಕಡಿಯುತ್ತಿದ್ದವನು ಈಗ ಕಾರು ಬರಲಿ ಅಂತ ಮನೆದೇವರಿಗೆ ಹರಕೆ ಹೊತ್ತ.

"ಎತ್ತಿಗೆ ಒಡೀಬ್ಯಾಡ ಅಣ್ಣಯ್ಯ. ಬಾಯಿ ಬುಡ್ತಾವೆ," ಅಂದ ಕರಿಯಪ್ಪ.

"ಮಾತಾಡ್ಬ್ಯಾಡ ಕೂಸೇ. ಇನ್ನೇನ್ ಬಂತು ಮದ್ದೂರು."

ಮದ್ದೂರು ಎಲ್ಲಿ ಬಂದಿತ್ತು? ಅದರ ಸುಳಿವೂ ಇರಲಿಲ್ಲ. ಅಲ್ಲಿಂದ ಮುಂದಕ್ಕೆ ಮಂಡ್ಯ. ಸ್ವಲ್ಪ ದೂರ ಹೋದ ಮೇಲೆ ರಾಮಲಿಂಗಯ್ಯ ತೊಡೆಯಿಂದ ಕೈ ತೆಗೆದ. "ಯಜಮಾನ್ರೆ, ಗಾಡಿ ನಿಲ್ಸಿ," ಅಂದ. ದೊಡ್ಡಸಿದ್ದಯ್ಯ ನಿಲ್ಲಿಸಲಿಲ್ಲ. ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. ಕೊನೆಗೆ ಎತ್ತುಗಳೇ ದಣಿದು ನಿಂತವು.

ಹೆಣ ಮನೆಯಂಗಳಕ್ಕೆ ಬಂತು. ಪಟೇಲ ಚಿಕ್ಕಬೋರಯ್ಯ ಬಂದರು, ಮದ್ದೂರಿಂದ ಪೊಲೀಸರು ಬಂದರು, ಮಹಜರೂ ಆಯಿತು. ಎಲ್ಲ ಊರು ಮಾತಾಡಿಕೊಂಡಿದ್ದ ಹಾಗೆಯೇ. ಹೊಂಬಾಳಮ್ಮ ಗಂಡನ ಮೇಲಿಂದ ಎದ್ದು, ಜಗಲಿಯಲ್ಲಿ ಕೂರಿಸಿದ್ದ ರಾಮಲಿಂಗಯ್ಯನ ಕೋಟು ಹಿಡಿದು ಜಗ್ಗಿದಳು.

"ನಿನ್ ತಾವ ಕಾರಿತ್ತಲ್ಲೋ ಪಾಪಿ! ಅದ್ರಲ್ಲಿ ಆಕ್ಕೊಂಡು ಓಗಿದ್ರೆ ಉಳ್ಕೋತಿದ್ರಲ್ಲೋ! ನಿನ್ ಮನೆ ಆಳಾಗ!"

ರಾಮಲಿಂಗಯ್ಯ ತಲೆ ಬಗ್ಗಿಸಿದ. ಚಕ್ರ ಕೊಚ್ಚಿದ್ದನ್ನು ಕಂಡವರೆಲ್ಲ ನೆಲ ನೋಡಿದರು. ಸುಮ್ಮನಿದ್ದುಬಿಟ್ಟಿದ್ದರೆ ದೊಡ್ಡಸಿದ್ದಯ್ಯನಿಗೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಎಷ್ಟು ಹೊತ್ತು ಇರುತ್ತಾನೆ?

"ಅವ್ರನ್ನ ಬುಡವ್ವ. ಕರ್ಕೊಂಡ್ ಓಗಕ್ಕೇ ನಿಂತಿದ್ರು. ಓಡೋಯ್ತಾರೆ ಅಂದ್ಕೊಂಡು ನಾನೇ ಚಕ್ರ ಕೊಚ್ಚಾಕ್ದೆ."

ಹೊಂಬಾಳಮ್ಮನ ಕೈ ಕೋಟಿನಿಂದ ಸಡಿಲವಾಯಿತು. ಅವಳು ಬಾವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬಾವ, ನೀವು ಮಣ್ಣಾಕ್ಬ್ಯಾಡಿ," ಅಂದಳು.

"ಅಂಗನ್ನಬಾರ್ದು ಕಣಮ್ಮ, ಎತ್ತಿ ಆಡ್ಸಿ ಸಾಕ್ದೋನು," ಅಂದರು ಪಟೇಲರು.

"ಸಾಕ್ದೋರು ಅನ್ನೋದು ನಂಗೂ ಗೊತ್ತು. ಅವ್ರ ಮ್ಯಾಲೆ ಇವ್ರ ಕೈ ಮಣ್ಣು ಬೀಳಬಾರ್ದು, ಅಷ್ಟೇಯ."

ಗದ್ದೆಯ ಬದುವಿನಲ್ಲಿ ಗುಂಡಿ ತೋಡಿ ಇಳಿಸಿದರು. ಒಬ್ಬೊಬ್ಬರಾಗಿ ಬಂದು ಹಿಡಿ ಹಿಡಿ ಮಣ್ಣು ಹಾಕಿದರು. ದೊಡ್ಡಸಿದ್ದಯ್ಯನೂ ತನಗೆ ತಿಳಿಯದ ಹಾಗೆ ಬಗ್ಗಿ ಒಂದು ಹಿಡಿ ತೆಗೆದುಕೊಂಡಿದ್ದ. ಗುಂಡಿಯ ಆಚೆ ನಿಂತ ಹೊಂಬಾಳಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮುಷ್ಟಿ ಬಿಚ್ಚಿ ಮಣ್ಣನ್ನು ತನ್ನ ಕಾಲ ಹತ್ತಿರವೇ ಬಿಟ್ಟು ಪಕ್ಕಕ್ಕೆ ಸರಿದ.

ಅವನ ಹಿಂದೆ ರಾಮಲಿಂಗಯ್ಯ ನಿಂತಿದ್ದ. ಹಾಕಲೋ ಬೇಡವೋ ಅಂತ ಒಂದು ಗಳಿಗೆ ತಡೆದು, ಮುಂದೆ ಬಂದು, ಹಿಡಿ ಮಣ್ಣು ಹಾಕಿ ಕೈ ಮುಗಿದ. ಹೊಂಬಾಳಮ್ಮ ಬೇಡ ಅನ್ನಲಿಲ್ಲ.